ಅರ್ಧಕ್ಕೆ ಮುಚ್ಚಿದ ಅಧ್ಯಾಯ

ಸುಂದರಬಾಯಿ ಹುಮನಾಬಾದಿನ ಮಿಷನ್ ಬೋರ್ಡಿಂಗಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ೧೯೫೮ರಲ್ಲಿ ಮದುವೆಯಾಗಿ ಬಸವಕಲ್ಯಾಣಕ್ಕೆ ಬರುವಾಗ ಒಂದು ಟ್ರಂಕು ತಂದಳು, ಅದರ ತಳದಲ್ಲಿ ಬೈಬಲ್. ಗಂಡ ದೇವಿದಾಸನಿಗೆ ಅಕ್ಷರ ಗೊತ್ತಿರಲಿಲ್ಲ. ಬಾವಿ ತೋಡುವುದು ಅವನ ಕೆಲಸ: ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಜೀವ ಕೈಯಲ್ಲಿ ಹಿಡಿದು ಮೇಲೇರಿ ಬರುವುದು.

ಅಂಥವನನ್ನು ಮನೆಯಿಂದ ಕಳಿಸಲು ಅವಳೊಂದು ಕ್ರಮ ಮಾಡಿಕೊಂಡಿದ್ದಳು. ಬೈಬಲಿನಿಂದ ದಿನಕ್ಕೊಂದು ಅಧ್ಯಾಯ, ಸಾಲಾಗಿ. ಹಿತವಾದದ್ದನ್ನು ಆರಿಸುವಂತಿಲ್ಲ, ಕಷ್ಟದ್ದನ್ನು ಹಾರಿಸುವಂತಿಲ್ಲ. ಅವಳು ಗಟ್ಟಿಯಾಗಿ ಓದಬೇಕು, ಅವನು ರುಮಾಲು ತೆಗೆದು ಕೇಳಬೇಕು. ಇಬ್ಬರೂ ಆಮೆನ್ ಅಂದ ಮೇಲೆಯೇ ಅವನು ಹಾರೆ ಮುಟ್ಟಬೇಕು.

೧೯೭೪ರ ಬೇಸಿಗೆಯ ಒಂದು ಬೆಳಿಗ್ಗೆ ಪ್ರಲಾಪಗಳು ಎಂಬ ಪುಸ್ತಕದ ಮೂರನೆಯ ಅಧ್ಯಾಯ ಬಂತು. ವೈರಿಗಳು ಒಬ್ಬನನ್ನು ಗುಂಡಿಗೆ ತಳ್ಳಿ ಮೇಲಿನಿಂದ ಕಲ್ಲು ಹಾಕಿದರೆಂಬ ಮಾತಿಗೆ ಬಂದದ್ದೇ ತಡ, ಅವಳು ಪುಸ್ತಕ ಮುಚ್ಚಿಬಿಟ್ಟಳು.

"ಯಾಕ, ಮುಗೀತೇನು?"

"ಮುಗೀತ್ರಿ."

ಅವನು ಆಮೆನ್ ಅಂದ. ಅವಳಿಗೆ ಅನ್ನಲಾಗಲಿಲ್ಲ.

ಮಧ್ಯಾಹ್ನ ರೊಟ್ಟಿ ಗಂಟು ಹೊತ್ತು ಮೋರಖಂಡಿಯ ಹೊಲಕ್ಕೆ ಹೋದಾಗ ಬಾವಿಯ ಸುತ್ತ ಸದ್ದೇ ಇರಲಿಲ್ಲ. ದೇವಿದಾಸನ ಜೊತೆಗಾರ ಪಂಡರಿ ದೂರದಿಂದಲೇ ಕೈ ಎತ್ತಿದ.

"ವೈನಿ, ಅಲ್ಲೇ ನಿಲ್ರಿ! ಒಂದು ತೂತಿನ ಮದ್ದು ಹಾರಿಲ್ಲ, ಯಾವಾಗ ಬೇಕಾದ್ರೂ ಹಾರಬಹುದು. ಅಣ್ಣ ಅದಕ್ಕ ನೀರು ಹಾಕಾಕ ಇಳದಾನ್ರಿ."

"ನೀ ಯಾಕ ಇಳೀಲಿಲ್ಲೋ?"

"ಬಿಡಲಿಲ್ಲರಿ. ನಿನ್ನ ಲಗ್ನ ಇನ್ನಾ ಆಗಿಲ್ಲ, ನೀ ಸತ್ತರ ಅಳಾಕ ಯಾರದಾರ ಅಂದ."

ಸುಂದರಬಾಯಿ ಗಂಟು ಕೆಳಗಿಟ್ಟು ದಂಡೆಯವರೆಗೆ ಹೋದಳು. ಕೂಗುವಂತಿರಲಿಲ್ಲ. ಬೆಚ್ಚಿ ಅವನ ಕೈ ತಪ್ಪಿದರೆ? ಪ್ರಾರ್ಥನೆಗೆ ಬಾಯಿ ತೆರೆದರೆ ಬೆಳಗಿನ ಅದೇ ಮಾತು ನಾಲಿಗೆಗೆ ಬರುತ್ತಿತ್ತು: ಗುಂಡಿ, ಕಲ್ಲು. ಅದರ ಮುಂದೇನಿತ್ತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಮುಗಿಸದೆ ಕಳಿಸಿದೆ, ನಾನೇ ಕಳಿಸಿದೆ ಎಂದು ತನ್ನನ್ನೇ ಹಳಿದುಕೊಂಡಳು.

ಆಗ ಕೆಳಗಿನಿಂದ ದನಿ ಬಂತು. ನಿಧಾನವಾಗಿ, ಅವಳು ಓದುವ ಧಾಟಿಯಲ್ಲೇ, ಅವಳು ಉಸಿರು ತೆಗೆದುಕೊಳ್ಳುವಲ್ಲೇ ನಿಂತು. ದೇವರೇ, ಆಳದ ಗುಂಡಿಯೊಳಗಿಂದ ನಿನ್ನ ಹೆಸರೆತ್ತಿ ಕೂಗಿದೆ, ನೀನು ಕೇಳಿದೆ, ಹತ್ತಿರ ಬಂದೆ, ಹೆದರಬೇಡ ಎಂದೆ. ಆಮೇಲೆ ತೂತಿಗೆ ನೀರು ಇಳಿಯುವ ಗುಳುಗುಳು ಸದ್ದು.

ಅವನು ಹಗ್ಗ ಹಿಡಿದು ಮೇಲೆ ಬಂದಾಗ ಅಂಗಿ ಬೆವರಿಗೆ ಮೈಗಂಟಿತ್ತು.

"ಮುಂಜಾನಿ ಅರ್ಧಕ್ಕ ಬಿಟ್ಟಿದ್ದಿ," ಅಂದ. "ಉಳಿದದ್ದು ಅಂದು ಬಂದೆ."

"ನಿಮಗ ಗೊತ್ತಿತ್ತಾ?"

"ಹಿಂದ ನಾಕು ಸಲ ಓದೀಯಲ್ಲ. ಕಿವಿ ಇಲ್ಲೇನು ನನಗ?"

ಪಂಡರಿ ನಕ್ಕ. ಅವಳು ನಗಲಿಲ್ಲ. ರೊಟ್ಟಿ ಮುರಿಯುವಾಗ ದೇವಿದಾಸನ ಬೆರಳುಗಳು ನಡುಗುತ್ತಿದ್ದುದನ್ನು ನೋಡುತ್ತಿದ್ದಳು. ಇವನಿಗೂ ಹೆದರಿಕೆಯಿದೆ ಎಂದು ಆ ದಿನದವರೆಗೆ ಅವಳಿಗೆ ತಿಳಿದಿರಲಿಲ್ಲ. ಬಾವಿಯ ದಂಡೆಯಲ್ಲೇ ಅವಳು ಬಾಕಿ ಉಳಿದಿದ್ದ ಆಮೆನ್ ಹೇಳಿದಳು.

ಅವನು ೧೯೮೩ರವರೆಗೆ ಬಾವಿಗಿಳಿದ. ಒಂದು ಬೆಳಿಗ್ಗೆಯೂ ಅವಳ ಭಯ ಹೋಗಲಿಲ್ಲ, ಒಂದು ಅಧ್ಯಾಯವೂ ಅರ್ಧಕ್ಕೆ ನಿಲ್ಲಲಿಲ್ಲ. ಸುತ್ತು ತಿರುಗಿ ಆ ಅಧ್ಯಾಯ ಬಂದಾಗಲೆಲ್ಲ ದೇವಿದಾಸ ಸ್ವಲ್ಪ ಹತ್ತಿರ ಸರಿದು, ಅವಳು ಪುಸ್ತಕ ಮುಚ್ಚದಂತೆ ಪುಟದ ಅಂಚಿನ ಮೇಲೆ ಹೆಬ್ಬೆರಳು ಒತ್ತಿಟ್ಟುಕೊಂಡು ಕೂಡುತ್ತಿದ್ದ.