ಸ್ಟಾರ್ಟರಿಗೆ ಸಿಗಿಸಿದ ಕಟ್ಟಿಗೆ

"ಈ ಮನ್ಯಾಗ ಡಿಗ್ರಿ ಆಗೂ ಮಾತಲ್ಲ ಬಿಡವಾ" ಎಂದವರು ನನ್ನ ಸೋದರಮಾವ. ಮಕ್ತಲ್‌ನಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಕೇಡು ಬಯಸಿ ಅಂದದ್ದಲ್ಲ. ನಮ್ಮಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ನಾನು ಎಂಜಿನಿಯರಿಂಗ್ ಸೇರಿದ ದಿನ ಕೈಗೊಂದು ಟೆಸ್ಟರ್ ಕೊಟ್ಟು, ಓದು ಹತ್ತದಿದ್ದರೆ ಅಂಗಡಿ ಇದ್ದೇ ಇದೆ ಎಂದಿದ್ದರು.

ನಾಲ್ಕನೇ ವರ್ಷ ಅವರ ಮಾತೇ ನಿಜವಾಗುವ ಲಕ್ಷಣ ಕಂಡಿತು. ನನ್ನ ಪ್ರಾಜೆಕ್ಟು ಹೊಲದ ಪಂಪಿನ ಪಕ್ಕ ಕೂರುವ ಒಂದು ಡಬ್ಬಿ. ಮೋಟಾರ್ ಎಷ್ಟು ಹೊತ್ತು ಓಡಿತು ಎಂದು ಅದು ನೆನಪಿಟ್ಟುಕೊಂಡು, ಟೈಪ್-ಸಿ ಕೇಬಲ್ ಚುಚ್ಚಿದಾಗ ಫೋನಿಗೆ ಹೇಳಬೇಕು. ಆ ಕನೆಕ್ಟರಿನೊಳಗೆ ಪಿನ್ನುಗಳು ಒತ್ತೊತ್ತಾಗಿರುತ್ತವೆ. ತೇವ ಹೋಗಿ ಕೂತ ಹೊತ್ತಿಗೆ ಯಾರಾದರೂ ದೊಡ್ಡ ಚಾರ್ಜರ್ ಚುಚ್ಚಿದರೆ, ಅದರ ಇಪ್ಪತ್ತು ವೋಲ್ಟ್ ಪಕ್ಕದ ಪಿನ್ನಿಗೆ ಹರಿದು, ಐದು ವೋಲ್ಟಷ್ಟೇ ತಾಳುವ ಚಿಪ್ಪನ್ನು ಸುಡುತ್ತದೆ. ಅದಕ್ಕೆಂದೇ ನಡುವೆ ಒಂದು ಸ್ವಿಚ್ಚು, ವೋಲ್ಟೇಜ್ ಏರಿದರೆ ಅದನ್ನು ಬಿಡಿಸಲು ಒಂದು ಕಾವಲು ಸರ್ಕ್ಯೂಟು ಇಟ್ಟಿದ್ದೆ. ಡಬ್ಬಿಗೆ ಕರೆಂಟಿದ್ದಾಗ ಚೆನ್ನಾಗಿ ಕಾಯುತ್ತಿತ್ತು. ಕರೆಂಟು ಹೋದರೆ ಕಾವಲಿಗೂ ಕರೆಂಟಿಲ್ಲ. ಮೂರು ಬೋರ್ಡು ಸುಟ್ಟೆ. ಪರೀಕ್ಷೆಯ ದಿನವೂ ಸುಟ್ಟರೆ ಈ ವರ್ಷ ಡಿಗ್ರಿ ಇಲ್ಲ ಎಂದು ಗೈಡ್ ಮೇಡಂ ನೇರವಾಗಿಯೇ ಹೇಳಿದರು.

ಮುಖ ಸಣ್ಣದು ಮಾಡಿಕೊಂಡು ಬಂದು ಮಾವನ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ನಾರ್ವ ಊರಿನ ಕಡೆಯ ರೈತರೊಬ್ಬರು ಸುಟ್ಟ ಮೋಟಾರ್ ತಂದು ಇಳಿಸಿದರು. ಮಾವ ವೈಂಡಿಂಗ್ ಮೂಸಿ ನೋಡಿ, "ಸ್ಟಾರ್ಟರಿಗೆ ಕಟಗಿ ಸಿಗಸಿ ಬಂದಿದ್ರೇನ್ರೀ ಪಟೇಲ್ರ?" ಎಂದರು. ಕರೆಂಟು ಬಂದಾಗಲೆಲ್ಲ ಹೊಲಕ್ಕೆ ಓಡುವುದು ತಪ್ಪಲಿ, ಮೋಟಾರ್ ತಾನೇ ಶುರುವಾಗಲಿ ಎಂದು ನಮ್ಮ ಕಡೆ ಸ್ಟಾರ್ಟರಿನ ಹಿಡಿಕೆ ಬೀಳದಂತೆ ಕಟ್ಟಿಗೆ ಸಿಗಿಸುವುದುಂಟು. ಆಮೇಲೆ ಕರೆಂಟು ಅರ್ಧಂಬರ್ಧ ಬಂದರೂ ಮೋಟಾರ್ ಎಳೆದಾಡಿ ಸುಡುತ್ತದೆ. ರೈತರು ನಕ್ಕರು. ಮಾವ ಬಿಡಲಿಲ್ಲ.

"ಆ ಹಿಡಿಕಿ ಹಿಡಿಯಾಕ ಕರೆಂಟ್ ಬೇಕ್ರೀ, ಬಿಡಾಕ ಬ್ಯಾಡ. ಕರೆಂಟ್ ಹೋತಂದ್ರ ಸ್ಪ್ರಿಂಗ್ ತಾನ ಬಿಡಸ್ತೈತಿ. ನೀವು ಕಟಗಿ ಸಿಗಸಿದ್ರ ಅದಾದ್ರೂ ಏನ್ ಮಾಡಬೇಕು?"

ಕಟ್ಟಿಗೆ ಸಿಗಿಸಿದವಳು ನಾನೂ ಹೌದು ಎಂದು ಆಗ ಹೊಳೆಯಿತು. ನನ್ನ ಸ್ವಿಚ್ಚು ಸದಾ ಕೂಡಿಕೊಂಡೇ ಇರುತ್ತಿತ್ತು. ಬಿಡಿಸಲು ಕರೆಂಟು ಬೇಕಾಗುತ್ತಿತ್ತು. ಮಾವನಿಗೆ ಅದನ್ನು ಹೇಳಿ, ಕಾಲೇಜಿಗೆ ಮರಳಿ ಸ್ವಿಚ್ಚನ್ನೇ ತಿರುಗಾಮುರುಗಾ ಮಾಡಿದೆ. ಹೊಸ ಸ್ವಿಚ್ಚು ಕರೆಂಟಿದ್ದರಷ್ಟೇ ಕೂಡಿಕೊಳ್ಳುತ್ತಿತ್ತು, ಇಲ್ಲದಿದ್ದರೆ ತಾನೇ ಬಿಟ್ಟುಕೊಂಡಿರುತ್ತಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಎಕ್ಸಾಮಿನರ್, ಕರೆಂಟಿಲ್ಲದ ಡಬ್ಬಿಯ ಪಿನ್ನಿಗೆ ಇಪ್ಪತ್ತು ವೋಲ್ಟ್ ಕೊಟ್ಟು, ತೆಗೆಯುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ಹಿಡಿದರು. ಆಮೇಲೆ ಡಬ್ಬಿಗೆ ಕರೆಂಟು ಕೊಟ್ಟರು. ಹಸಿರು ದೀಪ ಹತ್ತಿತು. ಫೋನಿನಲ್ಲಿ ಅಂಕಿಗಳು ಬಂದವು.

ಸರ್ಟಿಫಿಕೇಟು ಸಿಕ್ಕ ದಿನ ಬಸ್ಸಿಳಿದು ನೇರ ಅಂಗಡಿಗೆ ಹೋದೆ. ಮಾವ ವಾರ್ನಿಶ್ ಹತ್ತಿದ ಕೈಗಳನ್ನು ಎರಡು ಸಲ ಸೋಪು ಹಚ್ಚಿ ತೊಳೆದು, ಟವೆಲ್ಲಿಗೆ ಒರೆಸಿ, ಮುಂದೆ ಚಾಚಿದರು. ಸರ್ಟಿಫಿಕೇಟನ್ನು ಅವುಗಳಲ್ಲಿಟ್ಟೆ. ಇಂಗ್ಲಿಷ್ ಬಾರದಿದ್ದರೂ ಸಾಲುಸಾಲಾಗಿ ಕಣ್ಣಾಡಿಸಿದರು.

"ಆಗಂಗಿಲ್ಲ ಅಂದಾಂವ ನಾನ, ಖರೆ," ಎಂದರು. "ಆದ್ರ ಸ್ಟಾರ್ಟರಿನ ಪಾಠ ಯಾರ್ ಹೇಳಿಕೊಟ್ರಂತ ಇದರಾಗ ಎಲ್ಲ್ಯರ ಬರದಾರೇನು ನೋಡವಾ."