ದಾಟಲಾಗದ ನಾಲ್ಕು ನಿಮಿಷ

ಆ ಡಿವಿಡಿ ಹಾಕಿದರೆ ಮೊದಲು ಕೆಂಪು ಅಕ್ಷರದ ಎಚ್ಚರಿಕೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ನಕಲು ಮಾಡುವುದು ಅಪರಾಧ, ಜೈಲು, ದಂಡ. ಆಮೇಲೆ ಕಂಪನಿಯ ಲಾಂಛನ, ಶಂಖದ ಸದ್ದಿನೊಂದಿಗೆ. ಆಮೇಲೆ ಸೀರೆ ಅಂಗಡಿಯ ಜಾಹೀರಾತು, ಕೂದಲೆಣ್ಣೆಯ ಜಾಹೀರಾತು, ಶೀಘ್ರದಲ್ಲೇ ಬರಲಿರುವ ಎರಡು ಸಿನಿಮಾಗಳ ತುಣುಕು. ಆ ಸಿನಿಮಾಗಳ ನಾಯಕರು ಈಗ ಅಪ್ಪನ ಪಾತ್ರ ಮಾಡುತ್ತಿದ್ದರೂ ನಮ್ಮ ಮನೆಯಲ್ಲಿ ಅವು ಇನ್ನೂ ಬರಲಿದ್ದವು. ಯಾವುದನ್ನೂ ದಾಟಿಸಲು ಬರುತ್ತಿರಲಿಲ್ಲ. ರಿಮೋಟಿನ ಗುಂಡಿ ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಅಂಗೈ ಮೂಡಿ ಅಡ್ಡ ನಿಲ್ಲುತ್ತಿತ್ತು.

“ಪೊಲೀಸಾಂವ ಕೈ ಮಾಡ್ಯಾನ, ನಿಂದ್ರು,” ಎನ್ನುತ್ತಿದ್ದಳು ಅವ್ವ. “ಸಿಗ್ನಲ್ ಮುರದ್ರ ದಂಡದ ಪಾವತಿ ಹರೀತಾನ.”

“ನಾವು ರೊಕ್ಕಾ ಕೊಟ್ಟು ತಂದೀವಿ ಬೇ. ಕದ್ದಾವ್ರ ಕಾಪಿಯೊಳಗ ಇದ್ಯಾವುದೂ ಇರೂದಿಲ್ಲ.”

“ಅದಕ್ಕ ಕದ್ದಾವ್ರು ಲಗೂನ ಮನಿ ಮುಟ್ತಾರ.”

ಹೀಗೆ ಸುಮಾರು ನಾಲ್ಕು ನಿಮಿಷ. ನಾಲ್ಕು ಎಂದು ಬರೆದಿದ್ದೇನೆ, ಗಡಿಯಾರ ಹಿಡಿದು ನೋಡಿದ್ದಿಲ್ಲ. ಈಗ ನೋಡುವ ದಾರಿಯೂ ಇಲ್ಲ. ಹತ್ತು ಎಂದು ಬರೆಯುವಷ್ಟು ಸಿಟ್ಟು ನನಗೆ ಆಗ ಇತ್ತು, ಎರಡೇ ಎಂದು ಬರೆಯುವಷ್ಟು ಆಸೆ ಈಗ ಇದೆ. ನಾಲ್ಕು ಇರಲಿ.

ನಾವು ಆ ಸಿನಿಮಾ ನೋಡುತ್ತಿದ್ದದ್ದು ಅದರೊಳಗಿನ ಏಳು ಸೆಕೆಂಡಿಗಾಗಿ. ಹಳೆಯ ಕಪ್ಪು-ಬಿಳುಪು ಚಿತ್ರ. ಧಾರವಾಡದ ಹತ್ತಿರ ಅವ್ವನ ತವರೂರಿನ ಬಾವಿಯ ಕಟ್ಟೆಯಲ್ಲಿ ಅದರ ಒಂದು ದೃಶ್ಯ ತೆಗೆದಿದ್ದರು. ನಾಯಕಿಯ ಹಿಂದೆ ಆರು ಜನ ಹೆಂಗಸರು ನೀರು ಸೇದುತ್ತಾರೆ. ಎಡದಿಂದ ಮೂರನೆಯವಳು ಅವ್ವನ ತಂಗಿ, ನನ್ನ ಚಿಗವ್ವ. ಕೊಡವನ್ನು ಸೊಂಟಕ್ಕೇರಿಸುವಾಗ ಒಮ್ಮೆ ಕ್ಯಾಮರಾದ ಕಡೆ ನೋಡಿಬಿಡುತ್ತಾಳೆ. ನೋಡಬೇಡಿ ಎಂದು ಸಾರಿ ಸಾರಿ ಹೇಳಿದ್ದರಂತೆ. ಚೊಚ್ಚಲ ಹೆರಿಗೆಯಲ್ಲಿ ಅವಳು ತೀರಿಕೊಂಡಳು, ನಾನು ಹುಟ್ಟುವ ಮೊದಲೇ. ಒಂದು ಫೋಟೋ ಕೂಡ ನಮ್ಮಲ್ಲಿ ಉಳಿದಿರಲಿಲ್ಲ.

ಡಿಸ್ಕನ್ನು ನಾನು ಹುಬ್ಬಳ್ಳಿಯಲ್ಲಿ ಕೊಂಡು ಪುಣೆಗೆ ತಂದೆ. ಮೊದಲ ಸಲ ಹಾಕಿದಾಗ ಅವ್ವ ಎದ್ದುಹೋಗಿ ಟಿವಿಯ ಮೇಲೆ ತಂಗಿಯ ಮುಖವನ್ನು ಮುಟ್ಟಿದಳು ಎಂದು ಬಹಳ ಜನರಿಗೆ ಹೇಳಿದ್ದೇನೆ, ಹೇಳುವಾಗ ನನ್ನ ದನಿ ಗದ್ಗದವಾಗುತ್ತಿತ್ತು ಕೂಡ. ಅವಳು ಸೆರಗಿನಿಂದ ಪರದೆಯ ಧೂಳು ಒರೆಸಿದ್ದೂ ಇರಬಹುದು. ಒರೆಸಿದಳು ಎಂಬುದೇ ಅವಳಿಗೆ ಹೆಚ್ಚು ಹೊಂದುತ್ತದೆ. ಅಂತೂ ಅಲ್ಲಿಂದ ಪ್ರತಿ ರವಿವಾರ ಊಟವಾದ ಮೇಲೆ ಡಿಸ್ಕು ಹಾಕುವುದು, ಅಂಗೈಯನ್ನು ಬೈಯುವುದು, ಚಿಗವ್ವನನ್ನು ನೋಡುವುದು, ನಿಲ್ಲಿಸಿ ಮಲಗುವುದು. ನಾಯಕಿಯ ಗತಿ ಕೊನೆಗೆ ಏನಾಯಿತೆಂದು ಅವ್ವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಅವ್ವನ ಮರೆವು ಶುರುವಾಯಿತು. ಮೊದಲು ತರಕಾರಿಯ ಹೆಸರು, ಆಮೇಲೆ ಮನೆಯ ದಿಕ್ಕು, ಆಮೇಲೆ ಒಮ್ಮೊಮ್ಮೆ ನಾನು. ತಂಗಿ ಮಾತ್ರ ಅಲುಗಲಿಲ್ಲ. ರವಿವಾರಕ್ಕೆ ಕಾಯುವುದು ಬಿಟ್ಟು ದಿನಾ ಮಧ್ಯಾಹ್ನ, “ಅಕಿನ್ನ ಹಚ್ಚು,” ಎನ್ನತೊಡಗಿದಳು. ಹಚ್ಚಿದರೆ ಕೆಂಪು ಅಕ್ಷರಗಳಿಗೇ ಮುಖ ಅರಳುತ್ತಿತ್ತು. ಆದರೆ ಜಾಹೀರಾತು ಮುಗಿದು ಸಿನಿಮಾ ಆರಂಭವಾಗುವಷ್ಟರಲ್ಲಿ ಎದ್ದು, ಚಪ್ಪಲಿ ಹುಡುಕುತ್ತ, “ನಡೀ, ಹೊತ್ತಾತು,” ಎಂದು ಬಾಗಿಲ ಕಡೆ ಹೊರಡುತ್ತಿದ್ದಳು. ಕೈ ಹಿಡಿದು ಕೂರಿಸಿದರೆ ಬಾವಿಯ ಕಟ್ಟೆ ಬಂದರೂ ಅವಳ ಕಣ್ಣು ಬಾಗಿಲ ಕಡೆಗೇ.

ನನಗೆ ಅನ್ನಿಸಿದ್ದು ಇಷ್ಟು. ಅವಳ ಮನಸ್ಸು ಈಗ ಒಂದೆಡೆ ಕೂರುವುದೇ ನಾಲ್ಕು ನಿಮಿಷ. ಆ ನಾಲ್ಕನ್ನೂ ಸೀರೆ ಅಂಗಡಿಯವನು, ಎಣ್ಣೆಯವನು, ಕಾನೂನಿನವನು ಸೇರಿ ತಿಂದುಬಿಡುತ್ತಾರೆ. ತಂಗಿ ಬರುವ ಹೊತ್ತಿಗೆ ಅಕ್ಕ ಉಳಿದಿರುವುದಿಲ್ಲ. ಅವಳ ತಲೆ ಪೂರ್ತಿ ಖಾಲಿಯಾಗುವ ಮೊದಲು ನೇರವಾಗಿ ತಂಗಿಯನ್ನು ತೋರಿಸಬೇಕು.

ಸದಾಶಿವ ಪೇಠೆಯಲ್ಲಿ ಎರಡು ಕೋಚಿಂಗ್ ಕ್ಲಾಸುಗಳ ನಡುವೆ ಒಂದು ಸಣ್ಣ ಅಂಗಡಿ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿ ಕೊಡುತ್ತಾರೆ. ಅಂಗಡಿಯವನು ಡಿಸ್ಕನ್ನು ಬೆಳಕಿಗೆ ಹಿಡಿದು ತಿರುಗಿಸಿ ಮರಾಠಿಯಲ್ಲಿ ಹೇಳಿದ, “ತಾಈ, ಇದಕ್ಕೆ ಬೀಗ ಹಾಕಿದ್ದಾರೆ. ನಕಲು ಮಾಡಬಾರದು.”

“ನನಗೆ ಏಳು ಸೆಕೆಂಡು ಸಾಕು.”

“ಏಳೇ? ಹಾಗಾದರೆ ಜೈಲೂ ಏಳು ಸೆಕೆಂಡಿನದೇ. ನಾಳೆ ಬನ್ನಿ.”

ಮರುದಿನ ಕೊಟ್ಟ. ಬಾವಿಯ ಕಟ್ಟೆ, ಆರು ಹೆಂಗಸರು, ಚಿಗವ್ವನ ಒಂದು ನೋಟ. ಅದೇ ಏಳು ಸೆಕೆಂಡು ಮತ್ತೆ ಮತ್ತೆ, ಪೂರ್ತಿ ಒಂದು ತಾಸು. ಮುಂದೆ ಏನೂ ಇಲ್ಲ, ಹಿಂದೆ ಏನೂ ಇಲ್ಲ. ಅವನ ಕಂಪ್ಯೂಟರಿನಲ್ಲಿ ನೋಡಿ ನನಗೆ ಎಷ್ಟು ಹುರುಪು ಬಂತೆಂದರೆ, ಮನೆಯ ಕೆಳಗೆ ಗುಜರಿ ಕೊಳ್ಳುವ ಭಂಗಾರದವಳು ಕೈಗಾಡಿ ನಿಲ್ಲಿಸಿಕೊಂಡು ಕೂಗುತ್ತಿದ್ದದ್ದು ಕೇಳಿ, ಡಿವಿಡಿ ಪ್ಲೇಯರನ್ನೂ ಡಿಸ್ಕುಗಳ ಡಬ್ಬಿಯನ್ನೂ ಇಳಿಸಿ ಕೊಟ್ಟುಬಿಟ್ಟೆ. ಆ ಅಂಗೈಯನ್ನು ಮನೆಯಿಂದ ಹೊರಗೆ ಹಾಕಿದ ಖುಷಿ. ಅವ್ವನಿಗೆ ಮೊದಲು ತೋರಿಸಿ, ಆಮೇಲೆ ಕೊಡಬಹುದಿತ್ತು. ಹಾಗೆ ಮಾಡಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಮಧ್ಯಾಹ್ನ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿದೆ. ಒಂದು ಕ್ಷಣವೂ ಕಾಯಿಸದೆ ಬಾವಿ ಬಂತು.

ಅವ್ವ ನೋಡಿದಳು. ಮತ್ತೆ ನೋಡಿದಳು. “ಯಾರಕಿ?”

“ಚಿಗವ್ವ ಬೇ. ನಿನ್ನ ತಂಗಿ.”

“ಅಲ್ಲ.”

“ಮೂರನೇದಾಕಿ. ಈಗ ನೋಡು, ಈ ಕಡೆ ಹೊಳ್ಳತಾಳ.”

“ಅಕಿ ಹಿಂಗ ಬಿಕನಾಸಿ ಮಾರಿ ಮಾಡೂದಿಲ್ಲ. ನಗ್ತಾಳ ಅಕಿ. ತಲಿ ಎರಕೊಂಡು, ಕೂದ್ಲಾ ಬಿಟಗೊಂಡು ಮಾಳಿಗಿ ಮ್ಯಾಲ ನಿಂತಿರ್ತಾಳ. ಅಕಿನ್ನ ಹಚ್ಚು.”

ಕೂದಲು ಬಿಟ್ಟುಕೊಂಡು ಮಾಳಿಗೆಯ ಮೇಲೆ ನಿಂತು ನಗುವವಳು ಎಣ್ಣೆಯ ಜಾಹೀರಾತಿನ ಹುಡುಗಿ. ಯಾರೋ ರೂಪದರ್ಶಿ, ನನಗಿಂತ ಚಿಕ್ಕವಳು.

“ನಕ್ಳು ನೋಡು!” ಎಂದು ಅವ್ವ ಪ್ರತಿದಿನ ಕೂಗುತ್ತಿದ್ದಳು. ನನ್ನ ನೆನಪಿನಲ್ಲಿ ಆ ಕೂಗು ಬಾವಿಯ ದೃಶ್ಯಕ್ಕೆ ಅಂಟಿಕೊಂಡಿತ್ತು. ಈಗಲೂ ಕಣ್ಣು ಮುಚ್ಚಿದರೆ ಅಲ್ಲೇ ಕೇಳಿಸುತ್ತದೆ. ಆದರೆ ಅಂದು ನಾನು ಆ ಏಳು ಸೆಕೆಂಡುಗಳನ್ನು ಒಂದು ತಾಸು ನೋಡಿದೆ. ಬಾವಿಯ ಕಟ್ಟೆಯಲ್ಲಿ ಯಾರೂ ನಗುವುದಿಲ್ಲ. ಅವ್ವ ಕೂಗುತ್ತಿದ್ದದ್ದು ಅದಕ್ಕಿಂತ ಮೊದಲೇ, ನಾನು ರಿಮೋಟಿನ ಗುಂಡಿ ಒತ್ತುತ್ತ ಅಂಗೈಯನ್ನು ಬೈಯುತ್ತಿದ್ದಾಗ. ಹುಡುಗಿ ನಕ್ಕು ಹೋದ ಮೇಲೆ ಅವಳಿಗೆ ಅಲ್ಲಿ ಕೆಲಸವಿರುತ್ತಿರಲಿಲ್ಲ. ತಂಗಿಯನ್ನು ನೋಡಿಯಾಯಿತು, ಮನೆಗೆ ಹೊರಡುತ್ತಿದ್ದಳು.

ಆ ಸಂಜೆಯೇ ಭಂಗಾರದವಳನ್ನು ಹುಡುಕಿಕೊಂಡು ಹೋದೆ. ಸಾಮಾನೆಲ್ಲ ಆಗಲೇ ಗೋದಾಮಿಗೆ ಹೋಗಿತ್ತು. ಗೋದಾಮಿನಲ್ಲಿ ಡಿಸ್ಕುಗಳ ರಾಶಿ ನನ್ನ ಎದೆಯೆತ್ತರ ಇತ್ತು. ಕೈಗೆ ಸಿಕ್ಕಷ್ಟು ತೆಗೆದು ನೋಡಿದೆ, ಸಿಗಲಿಲ್ಲ. ಹುಬ್ಬಳ್ಳಿಯಿಂದ ಅದೇ ಸಿನಿಮಾದ ಇನ್ನೊಂದು ಡಿಸ್ಕು ತರಿಸಿದೆ. ಪ್ಲೇಯರನ್ನು ಎರವಲು ತಂದು ಹಾಕಿದರೆ ಅದೇ ಎಚ್ಚರಿಕೆ, ಅದೇ ಶಂಖ, ಆಮೇಲೆ ಚಹಾಪುಡಿಯ ಜಾಹೀರಾತು. ಬೇರೆ ವರ್ಷದ ಮುದ್ರಣ. ಇಂಟರ್ನೆಟ್ಟಿನಲ್ಲಿ ಸಿನಿಮಾ ಇಡಿಯಾಗಿ ಇದೆ, ಕೊಳೆ ತೊಳೆದು ಇಟ್ಟಂತೆ. ಎಣ್ಣೆಯ ಹುಡುಗಿ ಎಲ್ಲಿಯೂ ಇಲ್ಲ. ಅಂಥದನ್ನು ಯಾರೂ ಉಳಿಸಿಡುವುದಿಲ್ಲ.

ಧಾರವಾಡದ ಸೋದರಮಾವನಿಗೆ ಫೋನ್ ಮಾಡಿದೆ. ಅವ್ವನ ತಮ್ಮ, ಉಳಿದಿರುವವನು ಅವನೊಬ್ಬನೇ. ಎಲ್ಲವನ್ನೂ ಕೇಳಿ ಅವನು ಹೇಳಿದ,

“ಬಾವಿ ಕಟ್ಟಿಮ್ಯಾಗ ಇದ್ದಾಕಿನೂ ಅಕಿ ಅಲ್ಲ ನೋಡವಾ. ಶೂಟಿಂಗಿನವ್ರು ಬಂದಾಗ ಅಕಿ ಗಂಡನ ಮನ್ಯಾಗಿದ್ಲು.”

“ಮಾಮಾ, ಇಷ್ಟ ವರ್ಷ ಯಾಕ ಹೇಳಲಿಲ್ರಿ?”

“ಏನಂತ ಹೇಳ್ಲಿ? ಅಕ್ಕ ಅಷ್ಟು ಅಕ್ಕರತಿಲೆ ತೋರಿಸಿದ್ಲು. ನೋಡ್ಕೋತ ನೋಡ್ಕೋತ ನನಗೂ ಹಂಗ ಅನಸಾಕತ್ತಿತ್ತು.” ಆಮೇಲೆ ಸೇರಿಸಿದ, “ನನ್ನ ಮಾತೂ ಖರೇ ಅಂತ ಹಿಡೀಬ್ಯಾಡವಾ. ನನಗೂ ವಯಸ್ಸಾತು.”

ನಾನು ಮಾವನ ಮಾತನ್ನು ನಂಬಬಹುದು, ಅವ್ವನ ಹಳೆಯ ಮಾತನ್ನು ನಂಬಬಹುದು, ಅವಳ ಹೊಸ ಮಾತನ್ನೂ ನಂಬಬಹುದು. ನಾನು ಚಿಗವ್ವನನ್ನು ಕಂಡವಳೇ ಅಲ್ಲ. ನನ್ನ ಅನುಕೂಲಕ್ಕೆ ಒಂದನ್ನು ಆರಿಸಿಕೊಂಡೇನು. ಅವ್ವನಿಗೆ ಅದರಿಂದ ಏನೂ ಸಿಗುವುದಿಲ್ಲ. ಅವಳ ಲೆಕ್ಕದಲ್ಲಿ ತಂಗಿ ಎರಡನೆಯ ಸಲ ಹೋದಳು, ಈ ಸಲ ಕಳಿಸಿದವಳು ನಾನು.

ಒಂದು ಬೆಳಿಗ್ಗೆ ಹುಚ್ಚು ಧೈರ್ಯ ಮಾಡಿ ತಲೆಗೆ ಎರೆದುಕೊಂಡು, ಕೂದಲು ಬಿಟ್ಟುಕೊಂಡು, ಕಿಟಕಿಯ ಬೆಳಕಿಗೆ ನಿಂತು ಅವ್ವನ ಕಡೆ ತಿರುಗಿ ನಕ್ಕೆ. ಅವಳು ಗಾಬರಿಯಿಂದ ನೋಡಿದಳು.

“ಯಾಕ ನಗಾಕತ್ತಿ? ತಲಿ ಒರಸ್ಕೋ, ನೆಗಡಿ ಆಕ್ಕೇತಿ.”

ಆಮೇಲೆ ನಾನು ಏನನ್ನೂ ತೋರಿಸುವ ಪ್ರಯತ್ನ ಮಾಡಲಿಲ್ಲ. ಅವ್ವ ಮಾತ್ರ ಕೇಳುವುದನ್ನು ಬಿಡಲಿಲ್ಲ. ಮೊನ್ನೆ ಮಧ್ಯಾಹ್ನವೂ ಊಟ ಮುಗಿಸಿ, ಆರಿದ ಟಿವಿಯ ಮುಂದೆ ಕುಳಿತು ಕೇಳಿದಳು.

“ಅಕಿ ಎಲ್ಲಿ? ನೀನ ಕಳಿಸಿಬಿಟ್ಟಿ, ಹೌದಿಲ್ಲೋ?”

ಇಷ್ಟು ದಿನ ಇಲ್ಲ ಎನ್ನುತ್ತಿದ್ದೆ. ಅಂದು, “ಹೌದು ಬೇ, ನಾನ ಕಳಿಸಿದೆ,” ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಉಂಡು ಹೋದ್ಲೇನು?”

“ಹೂಂ. ಉಂಡ ಹೋದ್ಲು.”

“ಏನು ಮಾಡಿದ್ದಿ?”

“ರೊಟ್ಟಿ. ಜುಣಕಾ.”

ಅವ್ವ ನನ್ನನ್ನು ದಿಟ್ಟಿಸಿ ನೋಡಿದಳು. ಬಹಳ ದಿನಗಳಿಂದ ಆ ಕಣ್ಣಿನಲ್ಲಿ ಕಾಣದಿದ್ದ ಚುರುಕು. “ಅಕಿಗೆ ಜುಣಕಾ ಸೇರೂದಿಲ್ಲ. ಕಡ್ಲಿಹಿಟ್ಟು ತಿಂದ್ರ ಎದಿ ಉರೀತೈತಿ ಅಕಿಗೆ. ಅಷ್ಟೂ ಗೊತ್ತಿಲ್ಲೇನು ನಿನಗ?”

ಗೊತ್ತಿರಲಿಲ್ಲ. ಇಷ್ಟು ವರ್ಷ ಚಿಗವ್ವನ ಬಗ್ಗೆ ಅವ್ವನನ್ನು ಕೇಳಿದ್ದೇ ಇಲ್ಲ, ನೋಡು ನೋಡು ಎಂದದ್ದಷ್ಟೇ.

“ಒಣಾ ರೊಟ್ಟಿ ತಿಂದು ಹೋಗಿರಬೇಕು,” ಎಂದಳು ಅವ್ವ. “ಅರ್ಧಾ ಹೊಟ್ಟಿಲೆ ಹೋದ್ಲು ನನ್ನ ತಂಗಿ.” ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

“ಇಲ್ಲ ಬೇ, ಅನ್ನಾ ಸಾರೂ ಮಾಡಿದ್ದೆ,” ಎಂದೆ.

ಅವಳು ನಂಬಲಿಲ್ಲ.