ಜಮಖಂಡಿಯ ಅಂಗಡಿಯಲ್ಲಿ ಅವ್ವ ಮಗ್ಗ ನಿಲ್ಲಿಸಿದ್ದು

ಆಗೆಲ್ಲ ಬನಹಟ್ಟಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಬೆಳಗಾಯಿತೆಂದರೆ ಓಣಿಯ ತುಂಬ ಪಾವರ್‌ಲೂಮಿನ ಸದ್ದು. ಬೇರೆ ಊರಿನ ಬೀಗರು ಬಂದರೆ ಎರಡು ದಿನ ತಲೆ ಹಿಡಿದುಕೊಂಡು ಕೂಡುತ್ತಿದ್ದರು. ನಮಗೆ ಮಾತ್ರ ಕರೆಂಟು ಹೋಗಿ ಮಗ್ಗ ನಿಂತಾಗಲೇ ಕಿವಿ ಗುಂಯ್ ಎನ್ನುತ್ತಿತ್ತು. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಮಷಿನ್ ಎಣ್ಣೆಯ ವಾಸನೆ, ಮಧ್ಯಾಹ್ನದ ರೊಟ್ಟಿ ಮತ್ತು ಶೇಂಗಾ ಹಿಂಡಿಯ ವಾಸನೆ, ಮೂರೂ ಕೂಡಿದರೆ ಅದೇ ನಮ್ಮ ಮನೆ. ಬೇಸಿಗೆ ಸೂಟಿಯಲ್ಲಿ ಅವ್ವ ನೂಲು ಸುತ್ತಲು ಕೂತರೆ ನಾನು ಅವಳ ಪಕ್ಕದಲ್ಲಿ ಖಾಲಿ ಕಂಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ ಕೋಟೆ ಕಟ್ಟುತ್ತಿದ್ದೆ.

ಆ ಗದ್ದಲದಲ್ಲಿ ಬಾಯಿ ಇದ್ದೂ ಉಪಯೋಗವಿಲ್ಲ. ಅದಕ್ಕೇ ಮಗ್ಗದ ಮನೆಯವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ ಎಂದರ್ಥ. ಮುಂಗೈಯನ್ನು ಅಡ್ಡ ಹಿಡಿದು ತೋರಿಸಿದರೆ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ನೂಲು ತಪ್ಪಿದೆ. ಅಂಗೈಯನ್ನು ನೆಲದ ಕಡೆ ಮಾಡಿ ಒತ್ತಿದರೆ ಮಗ್ಗ ನಿಲ್ಲಿಸು. ಅಕ್ಷರ ಕಲಿಯುವ ಮುಂಚೆ ನಾನು ಕಲಿತದ್ದು ಇದನ್ನು.

ನಾನು ಐದನೇ ಇಯತ್ತೆ ಮುಗಿಸಿದ ವರ್ಷ ಅಪ್ಪನ ಕಿವಿ ಮಂದವಾಗತೊಡಗಿತು. ಜಮಖಂಡಿಯ ಕಿವಿ ಡಾಕ್ಟರರು ಪರೀಕ್ಷೆ ಮಾಡಿ ಏನನ್ನೂ ಮುಚ್ಚಿಡಲಿಲ್ಲ.

"ಸಣ್ಣ ದನಿ ಮೊದಲ ಹೋಗ್ತಾವ ನೋಡ್ರಿ. ಇನ್ನ ಮೂರ ವರ್ಷ ಛಲೋ ಕೇಳಸಬಹುದು. ಆಮ್ಯಾಲಿಂದು ನಾ ಹೇಳಾಕ ಬರೂದಿಲ್ಲ."

ಅಪ್ಪನಿಗೆ ಹಾಡುಗಾರಿಕೆಯ ಹುಚ್ಚು. ರೇಡಿಯೋದಲ್ಲಿ ಖಯಾಲ್ ಹಚ್ಚಿದರೆ ಊಟದ ತಾಟು ತಣ್ಣಗಾಗುತ್ತಿತ್ತು. ಅದು ಗೊತ್ತಾಗಿ ಡಾಕ್ಟರರು ಅವನನ್ನು ತಮ್ಮ ಮನೆಯೊಳಗೆ ಕರೆದು, ತಮ್ಮಲ್ಲಿದ್ದ ವಿಲಾಯಿತಿ ಸ್ಪೀಕರಿನ ಜೋಡಿಯಲ್ಲಿ ಒಂದು ಕ್ಯಾಸೆಟ್ ಕೇಳಿಸಿದರು. ಅಪ್ಪ ಮನೆಗೆ ಬಂದವನು ಅಂಗಿಯನ್ನೂ ತೆಗೆಯದೆ ಹೇಳಿದ್ದು ಇಷ್ಟೇ: "ಹಾಡೋರು ಉಸುರ ತಗೊಳ್ಳೂದು ಸುದ್ದಾ ಕೇಳಸ್ತು ಬೇ. ಉಳದ ಮೂರ ವರ್ಷ ನಂಗ ಅದ ಬೇಕು."

ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಅದರಲ್ಲೂ ಒಂದು ತೊಡಕಿತ್ತು, ಡಾಕ್ಟರರು ತಿಳಿಸಿ ಕಳಿಸಿದ್ದರು. ಆ ಸ್ಪೀಕರಿನಲ್ಲಿ ಎರಡು ಮಾಡೆಲ್. ಹೊರಗಿನ ಕಟ್ಟಿಗೆ ಪೆಟ್ಟಿಗೆ ಎರಡರದೂ ಒಂದೇ. ಮೊದಲನೆಯದಕ್ಕೆ ಮುಂದೆ ದಪ್ಪ ನೇಯ್ಗೆಯ ಕಂದು ಬಟ್ಟೆ, ಒಳಗೆ ಸಣ್ಣ ದನಿ ಹೊರಡಿಸುವ ಗುಮ್ಮಟ ರೇಷ್ಮೆಯದು. ಎರಡನೆಯದಕ್ಕೆ ಕರಿ ನೈಲಾನ್ ಜಾಳಿಗೆ, ಒಳಗಿನ ಗುಮ್ಮಟ ಲೋಹದ್ದು. ಎರಡನೆಯದು ಒದರುತ್ತದೆ, ಹಾಡುವುದಿಲ್ಲ ಎಂದಿದ್ದರಂತೆ.

ಮೇ ತಿಂಗಳಲ್ಲಿ ಜಮಖಂಡಿಯ ಹಳೇ ಸಾಮಾನಿನ ಅಂಗಡಿಯೊಂದಕ್ಕೆ ಎರಡು ಜೋಡಿ ಬಂದಿವೆ ಎಂದು ಸುದ್ದಿ ಬಂತು. ಮೂವರೂ ಬಸ್ಸು ಹತ್ತಿದೆವು. ಅವ್ವ ಬಂದದ್ದು, ಕೊಡುಕೊಳ್ಳುವ ವ್ಯವಹಾರದಲ್ಲಿ ಅಪ್ಪನೊಬ್ಬನನ್ನೇ ಬಿಡಬಾರದು ಎಂಬ ಲೆಕ್ಕದಲ್ಲಿ. ನಾನು ಹೋದದ್ದು ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಆಸೆಗೆ.

ಅಂಗಡಿಯ ಸಾಹುಕಾರ ಮೇಜಿನ ಮೇಲೆ ಒಂದು ಜೋಡಿಯನ್ನು ಮದುಮಕ್ಕಳಂತೆ ಒರೆಸಿ ಕೂರಿಸಿದ್ದ. ಕಂದು ಬಟ್ಟೆ, ಮಿಂಚುವ ಕಟ್ಟಿಗೆ. ಇನ್ನೊಂದು ಜೋಡಿ ಮೂಲೆಯಲ್ಲಿ, ಹರಿದ ಕರಿ ಜಾಳಿಗೆಯ ಮೇಲೆ ಬೆರಳುದ್ದ ಧೂಳು ಹೊತ್ತು ಕೂತಿತ್ತು.

ಅಪ್ಪ ನೇಕಾರನಲ್ಲವೇ, ಮೊದಲು ಕೈ ಹಾಕಿದ್ದು ಬಟ್ಟೆಗೆ. ಹೆಬ್ಬೆರಳಿನಿಂದ ಉಜ್ಜಿ ನೋಡಿದ. "ಇದ ಖರೆ ಹಳೇ ಮಾಲ" ಅಂದ. ಬಟ್ಟೆ ನಿಜವಾಗಿಯೂ ಹಳೆಯದೇ, ಅದರಲ್ಲಿ ಅವನದೇನೂ ತಪ್ಪಿಲ್ಲ. ಬಟ್ಟೆ ನೋಡಿ ಸ್ಪೀಕರಿಗೆ ಬೆಲೆ ಕಟ್ಟುವ ಮಂದಿ ಬನಹಟ್ಟಿಯಲ್ಲದೆ ಇನ್ನೆಲ್ಲಿ ಸಿಕ್ಕಾರು.

ಸಾಹುಕಾರ ಕ್ಯಾಸೆಟ್ ಹಚ್ಚಿದ. ಒಬ್ಬ ಹೆಂಗಸು ತಂಬೂರಿ ಹಿಡಿದು ಹಾಡುತ್ತಿದ್ದಳು. ಮೇಜಿನ ಮೇಲಿನ ಜೋಡಿ ಖಣಿಖಣಿ ಎಂದಿತು. ಅಪ್ಪನ ಮುಖ ಅರಳಿತು. ಮಂದವಾದ ಕಿವಿಗೆ ಹರಿತ ದನಿ ಬಹಳ ರುಚಿಸುತ್ತದೆ ಎಂಬುದು ಆಗ ನಮಗಾರಿಗೂ ಗೊತ್ತಿರಲಿಲ್ಲ.

"ಆ ಮೂಲ್ಯಾಗಿಂದೂ ಒಂದೀಟ ಹಚ್ರಿ" ಅಂದಳು ಅವ್ವ.

"ಅದು ಎರಡನೇ ಮಾಡೆಲ್ ರೀ ಅಕ್ಕಾರ. ನಿಮಗ್ಯಾಕ ಅದು?"

"ಹಚ್ರಿ, ಕೇಳೂಣ."

ಅದೇ ಹಾಡು. ಅವ್ವ ಕಣ್ಣು ಮುಚ್ಚಿದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ನಾಲ್ಕು ಮಗ್ಗದಲ್ಲಿ ಯಾವುದರ ಲಾಳಿ ತೊಡರಿತೆಂದು ಹೇಳುವ ಕಿವಿ ಅವಳದು. ನಾನು ಈ ಕಡೆ ಮೇಜಿಗೆ ಗದ್ದ ಊರಿ ನಿಂತಿದ್ದೆ, ಕಂದು ಬಟ್ಟೆ ನನ್ನ ಮೂಗಿನೆದುರೇ ಇತ್ತು. ನೋಡುತ್ತ ನೋಡುತ್ತ ಅದರ ಎಳೆಯ ಮೇಲೆ ಕಣ್ಣು ನೆಟ್ಟಿತು. ಹಾಸಿನ ಎಳೆ ಮೇಲಿಂದ ಕೆಳಗೆ ಬರುವ ಬದಲು ಅಡ್ಡ ಓಡುತ್ತಿತ್ತು! ಡಾಕ್ಟರರ ಮನೆಯ ಬಟ್ಟೆಯ ಹಾಸು ನೆಟ್ಟಗೆ ಇದ್ದದ್ದನ್ನು ಅಪ್ಪನೇ ವರ್ಣಿಸಿ ವರ್ಣಿಸಿ ನಮ್ಮ ತಲೆ ತಿಂದಿದ್ದ. ಯಾರೋ ಒಂದರ ಬಟ್ಟೆ ಬಿಚ್ಚಿ ಇನ್ನೊಂದಕ್ಕೆ ಹೊದಿಸಿದ್ದರು, ನೇಯ್ಗೆ ಗೊತ್ತಿಲ್ಲದ ಯಾರೋ.

ಅವ್ವ ಕಣ್ಣು ತೆರೆದ ಕೂಡಲೇ ನಾನು ಅವಳ ಕಡೆ ತಿರುಗಿ ಮುಂಗೈ ಅಡ್ಡ ಹಿಡಿದೆ.

ಅವಳು ತಲೆ ಅಲ್ಲಾಡಿಸಲಿಲ್ಲ, ಕಣ್ಣು ಮಾತ್ರ ಸಣ್ಣದಾಯಿತು. ಅಷ್ಟರಲ್ಲಿ ಅಪ್ಪ, "ಆತ್ರಿ ಸಾವಕಾರ್ರ, ಇದ ಜೋಡಿ..." ಎಂದು ಮಾತು ಮುಗಿಸುವುದರಲ್ಲಿದ್ದ. ಸಾಹುಕಾರನ ಬೆನ್ನ ಹಿಂದೆ ಅವ್ವನ ಅಂಗೈ ನೆಲದ ಕಡೆ ಒತ್ತಿತು.

ಅಪ್ಪನ ಬಾಯಿ ಅಲ್ಲಿಗೇ ನಿಂತಿತು. ಹುಟ್ಟಿದಾಗಿನಿಂದ ಆ ಕೈ ಕಂಡರೆ ಮಗ್ಗ ನಿಲ್ಲಿಸಿದ ಮನುಷ್ಯ, ಕಾರಣ ಆಮೇಲೆ ಕೇಳುವವನು. ಅವ್ವ ಮೂಲೆಯ ಕಡೆ ಬೆರಳು ಮಾಡಿದಳು, ನಂತರ ಮುಂಗೈ ಅಡ್ಡ ಹಿಡಿದಳು. ಅಪ್ಪ ಕಂದು ಬಟ್ಟೆಯ ಕಡೆ ಒಮ್ಮೆ ನೋಡಿದ, ಅವನ ಕಿವಿ ಕೆಂಪಾಯಿತು.

"...ಇದ ಜೋಡಿ ನಮಗ ಬ್ಯಾಡ್ರಿ, ಭಾಳ ತುಟ್ಟಿ ಆಕ್ಕೈತಿ" ಎಂದು ಮಾತು ತಿರುಗಿಸಿದ. "ಆ ಹರಕ ಜೋಡಿ ಹೆಂಗ ಕೊಡ್ತೀರಿ?"

ಸಾಹುಕಾರ ಮನಸಾರೆ ನಕ್ಕ. "ಮಗ್ಗದ ಸದ್ದ ಕೇಳೋ ಕಿವಿಗಿ ಯಾವ ಸ್ಪೀಕರ ಆದ್ರೇನ್ರಿ. ಅರ್ಧಕ್ಕ ಒಯ್ರಿ."

"ಮಾತ ಆತಲ್ರಿ?" ಅಂದಳು ಅವ್ವ.

"ಆತ್ರಿ ಅಕ್ಕಾರ, ಆತು."

ಹಣ ಅವನ ಕೈಗೆ ಹೋಯಿತು, ರಶೀದಿ ಅವ್ವನ ಕೈಗೆ ಬಂತು. ಆಮೇಲೆ ಅವಳು ಹರಿದ ಜಾಳಿಗೆಯನ್ನು ಎರಡೇ ಬೆರಳಲ್ಲಿ ಹಿಂದಕ್ಕೆ ಸರಿಸಿದಳು. ಒಳಗೆ ಮೆತ್ತನೆಯ ಕರಿ ಗುಮ್ಮಟ. ಅಪ್ಪ ಬಾಗಿ ನೋಡಿ, "ರೇಷ್ಮಿ" ಅಂದ. ಜಗತ್ತಿನಲ್ಲಿ ಅವನಿಗೆ ಗೊತ್ತಿರದೆ ಇರುವುದು ಸಾವಿರ ಇದ್ದಾವು, ರೇಷ್ಮೆ ಗುರುತಿಸುವುದು ಮಾತ್ರ ಅದರಲ್ಲಿ ಇರಲಿಲ್ಲ. ಸಾಹುಕಾರ ಓಡಿ ಹೋಗಿ ತನ್ನ ಮೇಜಿನ ಮದುಮಕ್ಕಳ ಬಟ್ಟೆ ಕಿತ್ತ. ಒಳಗೆ ಲೋಹ ಪಳಪಳ ಹೊಳೆಯಿತು. ಅವನಿಗೇ ಯಾರೋ ಟೋಪಿ ಹಾಕಿದ್ದರೋ, ಅವನು ನಮಗೆ ಹಾಕಲು ಹೊರಟಿದ್ದನೋ, ಇವತ್ತಿಗೂ ತಿಳಿದಿಲ್ಲ.

"ಅಕ್ಕಾರ, ಹೆಂಗ ಗೊತ್ತಾತ್ರಿ ನಿಮಗ?"

"ಎರಡರಾಗೂ ಒಂದ ಹಾಡ್ರಿ. ಇದರಾಗ ಆ ಹೆಣಮಗಳಿಗಿ ಉಸುರ ಐತಿ. ಅದರಾಗ ಇಲ್ಲ."

ಆ ದಿನ ಬಸ್ಸಿನಲ್ಲಿ ಅಪ್ಪ ಒಂದು ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡ, ಅವ್ವ ಇನ್ನೊಂದನ್ನು. ಕಂಡಕ್ಟರ್ ಲಗೇಜಿನ ರೊಕ್ಕ ಕೇಳಿದರೆ ಅಪ್ಪ ನಗುತ್ತಲೇ ಕೊಟ್ಟ. ನನಗೆ ಒಂದಲ್ಲ, ಎರಡು ಗ್ಲಾಸು ಕಬ್ಬಿನ ಹಾಲು ಸಿಕ್ಕಿತ್ತು. ಅಷ್ಟು ಹೆಮ್ಮೆಯಿಂದ ನಾನು ಮತ್ತೆಂದೂ ಯಾವ ಊರಿನಿಂದಲೂ ಮರಳಿ ಬಂದಿಲ್ಲ.

ಡಾಕ್ಟರರು ಹೇಳಿದ್ದು ಮೂರು ವರ್ಷ. ಅಪ್ಪ ಒಂಬತ್ತು ವರ್ಷ ಕೇಳಿದ. ಬೆಳಿಗ್ಗೆ ಮಗ್ಗ ಹಚ್ಚುವ ಮುಂಚೆ ಒಂದು ತಾಸು, ಕರೆಂಟು ಇದ್ದಷ್ಟು ದಿನವೂ. ಆ ಒಂಬತ್ತು ವರ್ಷವನ್ನು ನಾವು ಮೂವರು ಕೂಡಿ ಗೆದ್ದು ತಂದದ್ದು ಎಂದು ನಾನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಈಗ ಅವನಿಗೆ ಏನೂ ಕೇಳಿಸುವುದಿಲ್ಲ. ಓಣಿಯಲ್ಲೂ ನಿಂತ ಮಗ್ಗಗಳೇ ಹೆಚ್ಚು, ಊರು ಮೆಲ್ಲಗೆ ಮಾತಾಡುವುದನ್ನು ಕಲಿತಿದೆ.

ಹೋದ ತಿಂಗಳು ನಾನು ತವರಿಗೆ ಹೋದಾಗ ಬೆಳಗಾವಿಯಿಂದ ಒಬ್ಬ ತರುಣ ಬಂದಿದ್ದ. ಹಳೇ ಸ್ಪೀಕರ್ ಕೂಡಿಹಾಕುವ ಶೋಕಿಯಂತೆ. ನಮ್ಮ ಸ್ಪೀಕರಿನ ಹಿಂಬದಿಯ ನಂಬರನ್ನು ಮೊಬೈಲಿನಲ್ಲಿ ತಾಳೆ ನೋಡಿದ, ಟಾರ್ಚ್ ಹಿಡಿದು ಗುಮ್ಮಟ ನೋಡಿದ, ನಾಲ್ಕೂ ಕಡೆಯಿಂದ ಫೋಟೋ ತೆಗೆದ. "ಖರೆ ಒಂದನೇ ಮಾಡೆಲ್ ರೀ, ಕೇಳಿದಷ್ಟ ಕೊಡ್ತೇನಿ" ಅಂದ.

"ಮಾರೂದಲ್ಲಪಾ" ಅಂದಳು ಅವ್ವ, ಮತ್ತು ಅವನಿಗೆ ಚಹಾ ಕೊಟ್ಟಳು.

ಅವನು ಒಂದು ತಾಸು ಕೂತಿದ್ದ. ಎರಡೂ ಕಿವಿ ನೆಟ್ಟಗಿದ್ದ ಹುಡುಗ. ಅವನೆದುರಿಗೇ ಅಪ್ಪ ಕುರ್ಚಿಯಲ್ಲಿದ್ದ. ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ಎಲ್ಲರಿಗೂ ಕೈ ಮುಗಿದ. ಒಂದು ಸಲ ಹಚ್ಚಿ ಕೇಳಿಸಿರಿ ಎಂದು ಮಾತ್ರ ಕೇಳಲೇ ಇಲ್ಲ.